ಶೆಟ್ಟಿ ಅಂಗಡಿಗೆ ಕ್ಲೇ ಮೈಸೂರುಪಾಕು: ಮಡಿಕೇರಿ ಮಳೆಯಲ್ಲಿ ಪುಟಾಣಿ ಸಿಹಿತಿಂಡಿ ಮಾಡುವ ಬಗೆ

ದಸರೆಗೆ ಗೊಂಬೆ ಕೂರಿಸುವ ಮನೆಯಲ್ಲಿ ಪಟ್ಟದ ಗೊಂಬೆ ಎಷ್ಟೇ ಚೆನ್ನಾಗಿರಲಿ, ಮಕ್ಕಳು ಹೋಗಿ ಕೂರುವುದು ಶೆಟ್ಟಿ ಅಂಗಡಿ ಮುಂದೆ. ಹೊಟ್ಟೆ ಬಿಟ್ಟುಕೊಂಡು ಕೂತ ಶೆಟ್ಟಿ, ಪಕ್ಕದಲ್ಲಿ ಶೆಟ್ಟಮ್ಮ, ಮುಂದೆ ಸಾಲಾಗಿ ಅಕ್ಕಿ, ಬೇಳೆ, ಬೆಲ್ಲ. ನನ್ನ ತವರು ಮೈಸೂರು ಕಡೆ. ಮದುವೆಯಾಗಿ ಮಡಿಕೇರಿಗೆ ಬಂದಾಗ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳ ಜೊತೆ ಈ ಶೆಟ್ಟಿ ದಂಪತಿಯೂ ಬಸ್ಸು ಹತ್ತಿದರು. ಒಂದು ವರ್ಷ ಅಕ್ಕಿ ಬೇಳೆ ಸಾಕು, ಸಿಹಿ ಅಂಗಡಿ ಇಡೋಣ ಅನ್ನಿಸಿತು. ನಿಜವಾದ ಲಾಡು ಇಟ್ಟರೆ ಶೆಟ್ಟಿಯ ತಲೆಗಿಂತ ಲಾಡುವೇ ದೊಡ್ಡದಾಗುತ್ತದೆ. ಇರುವೆ ಕಾಟ ಬೇರೆ. ಹಾಗಾಗಿ ಕ್ಲೇ.

ಮೊದಲ ಸಲ ಮಾಡಿದ ಮೈಸೂರುಪಾಕನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು. "ಏನಮ್ಮಾ ಇದು, ಸೋಪು ಕುಯ್ದಿಟ್ಟ ಹಾಗಿದೆಯಲ್ಲ. ತುಪ್ಪ ನೊರೆ ಎದ್ದ ತೂತು ಎಲ್ಲಿ?" ಅಂದರು. ನನಗೆ ಸಿಟ್ಟು ಬಂದಿದ್ದು ನಿಜ. ಆದರೆ ಅವರು ಹೇಳಿದ್ದೇ ಸರಿ. ನಾನು ಮೈಸೂರುಪಾಕಿನ ಆಕಾರ ಮಾಡಿದ್ದೆ, ಮೈಸೂರುಪಾಕು ಮಾಡಿರಲಿಲ್ಲ. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಯಾವ ತಿಂಡಿಯೇ ಇರಲಿ, ಅದು ಬಾಣಲೆಯಲ್ಲಿ, ಲಟ್ಟಣಿಗೆ ಕೆಳಗೆ ಹೇಗೆ ಆಗುತ್ತದೋ ಕ್ಲೇಯಲ್ಲೂ ಅದೇ ಕ್ರಮದಲ್ಲಿ ಮಾಡುವುದು. ಚಿರೋಟಿಗೆ ಗೆರೆ ಕೊರೆಯಬೇಡಿ, ಪದರ ಹಾಕಿ ಸುತ್ತಿ. ಲಾಡುವಿನ ಮೇಲೆ ಚುಕ್ಕಿ ಒತ್ತಬೇಡಿ, ಬೂಂದಿ ಮಾಡಿ ಕಟ್ಟಿ.

ಜಪಾನಿನಲ್ಲಿ ಹೋಟೆಲಿನ ಗಾಜಿನ ಕಪಾಟಿನಲ್ಲಿಡುವ ನಕಲಿ ಊಟದ ತಟ್ಟೆಗಳಿಗೂ ಇದೇ ದಾರಿ. ಇವಾಸಾಕಿ ತಾಕಿಜೋ ಎನ್ನುವವರು 1932ರಲ್ಲಿ ಒಸಾಕಾದಲ್ಲಿ ಅದನ್ನೊಂದು ಉದ್ಯಮವಾಗಿ ಶುರು ಮಾಡಿದರು. ಆಗ ಎಲ್ಲ ಮೇಣದಲ್ಲೇ. ಹಿಟ್ಟಿನಲ್ಲಿ ಅದ್ದಿ ಕರಿದ ಸೀಗಡಿ ಬೇಕಾದರೆ ಕರಗಿದ ಮೇಣವನ್ನು ಬಿಸಿನೀರಿಗೆ ಹುಯ್ದು, ಅದು ಹರಡಿಕೊಂಡಾಗ ಸೀಗಡಿಯ ಸುತ್ತ ಸುತ್ತಿಬಿಡುತ್ತಾರೆ. ಕೊರೆಯುವ ಮಾತೇ ಇಲ್ಲ.

ಯಾವ ಕ್ಲೇ, ಯಾವ ತಿಂಗಳು

ಬೇರೆ ಊರಿನವರಿಗೆ ಇದು ಬರೀ ದುಡ್ಡಿನ ಪ್ರಶ್ನೆ. ಕೊಡಗಿನಲ್ಲಿ ಇದು ಮಳೆಯ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಗೆದ ಟವೆಲ್ಲೇ ಮೂರು ದಿನಕ್ಕೆ ಒಣಗುವುದಿಲ್ಲ. ಗಾಳಿಗೆ ಒಣಗುವ ಕ್ಲೇ ಎಲ್ಲಿ ಒಣಗೀತು? ಒಂದು ವರ್ಷ ಜುಲೈನಲ್ಲಿ ಕೂತು 60 ಲಾಡು ಕಟ್ಟಿದೆ. ಹೊರಗೆ ಗಟ್ಟಿಯಾಗಿತ್ತು, ಒಳಗೆ ಹಸಿ. ಡಬ್ಬಿಗೆ ಹಾಕಿಟ್ಟೆ. ಆಗಸ್ಟ್‌ನಲ್ಲಿ ತೆಗೆದರೆ ಒಂದೊಂದಕ್ಕೂ ಹಸಿರು ಬೂಷ್ಟಿನ ಕಂಬಳಿ.

ಆದ್ದರಿಂದ ನನ್ನ ಲೆಕ್ಕ ಇಷ್ಟು. ಜನವರಿಯಿಂದ ಮಾರ್ಚ್‌ವರೆಗೆ, ಅಂದರೆ ಕಣದಲ್ಲಿ ಕಾಫಿ ಒಣಗುವ ಹೊತ್ತಿನಲ್ಲಿ, ಮನೆಯಲ್ಲೇ ಮಾಡಿದ ಕಾರ್ನ್‌ಫ್ಲೋರ್ ಕ್ಲೇ. ಮಳೆಗಾಲದಲ್ಲಿ ಓವನ್‌ನಲ್ಲಿ ಬೇಯಿಸುವ ಪಾಲಿಮರ್ ಕ್ಲೇ. ಎರಡೂ ಬೇಡ ಎನ್ನುವವರಿಗೆ ಸ್ಟೇಷನರಿ ಅಂಗಡಿಯಲ್ಲಿ ಫೆವಿಕ್ರಿಲ್ ಮೌಲ್ಡಿಟ್, ಶಿಲ್ಪ್‌ಕಾರ್ ಥರದ ಎರಡು ಉಂಡೆ ಕಲಸುವ ಕ್ಲೇ ಸಿಗುತ್ತದೆ. ಅದು ಗಟ್ಟಿಯಾಗುವುದು ರಾಸಾಯನಿಕದಿಂದ, ಹಾಗಾಗಿ ಮಳೆಗೆ ಅಷ್ಟು ಹೆದರುವುದಿಲ್ಲ. ಆದರೆ ಕಲಸಿದ ಮೇಲೆ ಹೊತ್ತು ಜಾಸ್ತಿ ಸಿಗುವುದಿಲ್ಲ, ನಾಲ್ಕು ಜಿಲೇಬಿ ಸುತ್ತುವಷ್ಟರಲ್ಲಿ ಬಿರುಸಾಗುತ್ತದೆ. ನಾನು ಅದನ್ನು ತಟ್ಟೆ, ಬಾಣಲೆ, ಡಬ್ಬಿಗಳಿಗೆ ಮಾತ್ರ ಬಳಸುತ್ತೇನೆ. ಕುಂಬಾರರ ಜೇಡಿಮಣ್ಣು ಮಡಕೆ, ಕುಡಿಕೆಗೆ ಚೆಂದ. 8 ಮಿಲಿಮೀಟರ್ ಲಾಡುವಿಗೆ ಅದರ ಮರಳೇ ಅಡ್ಡ ಬರುತ್ತದೆ.

ಕಾರ್ನ್‌ಫ್ಲೋರ್ ಕ್ಲೇ ಕಾಯಿಸುವುದು

ಬೇಕಾದದ್ದು: ಕಾರ್ನ್‌ಫ್ಲೋರ್ 1 ಕಪ್, ಫೆವಿಕಾಲ್ ಥರದ ಬಿಳಿ ಅಂಟು 1 ಕಪ್, ಬೇಬಿ ಆಯಿಲ್ 2 ದೊಡ್ಡ ಚಮಚ, ಬಿಳಿ ವಿನೆಗರ್ 2 ದೊಡ್ಡ ಚಮಚ. ವಿನೆಗರ್ ಬೂಷ್ಟು ತಡೆಯುವುದಕ್ಕೆ. ಇಲ್ಲಿನ ಹವೆಗೆ ನಾನು ನಾಲ್ಕು ಹನಿ ಲವಂಗದ ಎಣ್ಣೆಯನ್ನೂ ಹಾಕುತ್ತೇನೆ. ಅಡುಗೆಗೆ ಮತ್ತೆ ಬಳಸದ ಹಳೆ ನಾನ್‌ಸ್ಟಿಕ್ ಪಾತ್ರೆ ಒಂದನ್ನು ಇದಕ್ಕೇ ಮೀಸಲಿಡಿ. ಇದನ್ನು ಎರಡು ಸಲ ಹೇಳುತ್ತೇನೆ: ಮತ್ತೆ ಅದರಲ್ಲಿ ಹಾಲು ಕಾಯಿಸಬೇಡಿ.

ಮೊದಲು ಅಂಟು, ಎಣ್ಣೆ, ವಿನೆಗರ್ ಕಲಸಿ. ಆಮೇಲೆ ಕಾರ್ನ್‌ಫ್ಲೋರನ್ನು ಗಂಟಿಲ್ಲದ ಹಾಗೆ ಸೇರಿಸಿ. ಸಣ್ಣ ಉರಿಯಲ್ಲಿಟ್ಟು ಮರದ ಸೌಟಿನಿಂದ ಬಿಡದೆ ತಿರುವಿ. ಮೊದಮೊದಲು ದೋಸೆ ಹಿಟ್ಟಿನ ಹಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಒಡೆದ ಮೊಸರಿನ ಹಾಗೆ ಗಂಟುಗಂಟಾಗುತ್ತದೆ. ಇಲ್ಲಿ ಹೊಸಬರು ಹೆದರಿ ಒಲೆ ಆರಿಸಿಬಿಡುತ್ತಾರೆ. ಆರಿಸಬೇಡಿ. ಇನ್ನೆರಡು ನಿಮಿಷಕ್ಕೆ ಎಲ್ಲ ಒಂದುಗೂಡಿ ಪಾತ್ರೆಯ ಅಂಚು ಬಿಡತೊಡಗುತ್ತದೆ. ರಾಗಿಮುದ್ದೆ ತಿರುವಿದವರಿಗೆ ಆ ಹದ ಕೈಗೇ ಗೊತ್ತಾಗುತ್ತದೆ. ಒಟ್ಟು 7ರಿಂದ 10 ನಿಮಿಷ. ಮುದ್ದೆಯ ನಡುವೆ ಇನ್ನೂ ತುಸು ಜಿಗುಟು ಇರುವಾಗಲೇ ಇಳಿಸಿ. ಪೂರ್ತಿ ಬೆಂದರೆ ಆರಿದ ಮೇಲೆ ಪುಡಿಪುಡಿಯಾಗುತ್ತದೆ, ಅದನ್ನು ಸರಿ ಮಾಡಲು ಬರುವುದಿಲ್ಲ.

ಕೈಗೆ ಎಣ್ಣೆ ಸವರಿಕೊಂಡು ಬಿಸಿ ಇರುವಾಗಲೇ 5–10 ನಿಮಿಷ ನಾದಿ. ಎಳೆದರೆ ಚಪಾತಿ ಹಿಟ್ಟಿಗಿಂತ ಉದ್ದ ಎಳೆ ಬಂದು ಮೆಲ್ಲಗೆ ಹರಿಯಬೇಕು. ಪಟ್ಟನೆ ಮುರಿದರೆ ಇನ್ನೂ ನಾದಿ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹೋಗದ ಹಾಗೆ ಸುತ್ತಿ ಒಂದು ರಾತ್ರಿ ಬಿಡಿ.

ಈ ಕ್ಲೇಗೆ ಮೂರು ಗುಣ ಇವೆ, ಮೂರನ್ನೂ ನೆನಪಿಡಬೇಕು. ಒಂದು, ಒಣಗುವಾಗ ಕುಗ್ಗುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಹತ್ತಕ್ಕೆ ಒಂದು ಪಾಲು ದೊಡ್ಡದು ಮಾಡಿ. ಎರಡು, ಒಣಗಿದ ಮೇಲೆ ಬಣ್ಣ ಗಾಢವಾಗುತ್ತದೆ. ಹಸಿಯಲ್ಲಿ ಸರಿ ಅನ್ನಿಸಿದ ಹಳದಿ ಒಣಗಿದಾಗ ಅರಿಸಿನದ ಕೊಂಬಾಗಿರುತ್ತದೆ. ಮೂರು, ಒಣಗಿದರೆ ಅರೆಪಾರದರ್ಶಕ. ರವೆ ಉಂಡೆ, ಪೇಡ, ಚಿರೋಟಿಗೆ ಇದು ದೋಷ. ಆದ್ದರಿಂದ ನಾದುವಾಗಲೇ ಬಿಳಿ ಅಕ್ರಿಲಿಕ್ ಬಣ್ಣ ಸೇರಿಸಬೇಕು. ಆದರೆ ಜಿಲೇಬಿ, ಹಲ್ವಾ, ಕೊಡಗಿನ ನೇರಳೆ ಬಣ್ಣದ ಮದ್ದುಪುಟ್ಟಿಗೆ ಇದೇ ವರ. ಅವಕ್ಕೆ ಬಿಳಿ ಹಾಕಲೇಬೇಡಿ.

ಪಾಲಿಮರ್ ಕ್ಲೇ, ಓವನ್, ಮತ್ತೆ ನಮ್ಮ ಕರೆಂಟು

ಹೆಸರಿಗೆ ಕ್ಲೇ, ಅದರಲ್ಲಿ ಮಣ್ಣೇ ಇಲ್ಲ. ಪಿವಿಸಿ ಪುಡಿ, ಅದನ್ನು ಮೆತ್ತಗೆ ಇಡುವ ಎಣ್ಣೆಯಂಥ ದ್ರವ, ಬಣ್ಣ, ಅಷ್ಟೇ. ಬೇಯಿಸುವವರೆಗೆ ಗಟ್ಟಿಯಾಗುವುದಿಲ್ಲ, ಕುಗ್ಗುವುದೂ ಇಲ್ಲ ಎನ್ನಬಹುದು. ಮಳೆ ನೋಡುತ್ತಾ ವಾರಗಟ್ಟಲೆ ನಿಧಾನವಾಗಿ ಮಾಡಬಹುದು. ಬೆಲೆ ಮಾತ್ರ ಜಾಸ್ತಿ, ನಾನು ಆನ್‌ಲೈನ್‌ನಲ್ಲೇ ತರಿಸುವುದು.

ನಮ್ಮ ಚಳಿಗೆ ಈ ಕ್ಲೇ ಕಲ್ಲಿನ ಹಾಗೆ ಬಿಗಿಯುತ್ತದೆ. ಕೆಲಸಕ್ಕೆ ಕೂರುವ ಅರ್ಧ ಗಂಟೆ ಮುಂಚೆ ಸ್ವೆಟರ್ ಜೇಬಿಗೆ ಹಾಕಿಕೊಂಡು ಓಡಾಡಿ. ಆಮೇಲೆ ಚೂರುಚೂರು ಕತ್ತರಿಸಿ ಮೆತ್ತಗಾಗುವವರೆಗೆ ನಾದಿ. ನಾದದೆ ಮಾಡಿದರೆ ಬೆಂದ ಮೇಲೆ ಬಿರುಕು ಗ್ಯಾರಂಟಿ.

ಶಾಖ ಎಷ್ಟು ಎನ್ನುವುದು ಪ್ಯಾಕಿನ ಮೇಲೆ ಬರೆದಿರುತ್ತದೆ, ಅದನ್ನೇ ನಂಬಿ. ಫಿಮೊ ಬ್ರ್ಯಾಂಡಿನ ಕ್ಲೇಗೆ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ. ಸ್ಕಲ್ಪಿಯ ಸಾಮಾನ್ಯ ಬಗೆಗೆ ಸುಮಾರು 135 ಡಿಗ್ರಿ, 6 ಮಿಲಿಮೀಟರ್ ದಪ್ಪಕ್ಕೆ 15 ನಿಮಿಷ. ಓಟಿಜಿಯ (ಮೇಜಿನ ಮೇಲಿಡುವ ಕರೆಂಟ್ ಓವನ್) ತಿರುಗಣೆ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ ಅಜಗಜಾಂತರ ಇರಬಹುದು. ಒಂದು ಓವನ್ ಥರ್ಮಾಮೀಟರ್ ಕೊಂಡು ಒಳಗಿಡಿ. ತಿಂಡಿಗಳನ್ನು ಬಿಳಿ ಟೈಲ್ಸ್ ತುಂಡಿನ ಮೇಲೆ ಜೋಡಿಸಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ಲನ್ನು ಗುಡಾರದ ಹಾಗೆ ಮುಚ್ಚಿ. ಇಲ್ಲದಿದ್ದರೆ ಮೇಲಿನ ಕಾಯಿಲ್ ಹತ್ತಿರವಾಗಿ ಬಿಳಿ ಪೇಡ ಕಂದಾಗುತ್ತದೆ. ಕಿಟಕಿ ತೆರೆದಿರಲಿ. ಸುಟ್ಟುಹೋದರೆ ಕಣ್ಣು ಮೂಗು ಉರಿಸುವ ಕೆಟ್ಟ ಹೊಗೆ ಬರುತ್ತದೆ. ಹಾಗೇನಾದರೂ ಆದರೆ ಸ್ವಿಚ್ ಆರಿಸಿ ಎಲ್ಲರೂ ಹೊರಗೆ ಬನ್ನಿ. ಮೈಕ್ರೋವೇವ್ ಮಾತ್ರ ಬೇಡವೇ ಬೇಡ.

ನಡುವೆ ಕರೆಂಟು ಹೋದರೆ? ಇಲ್ಲಿ ಹೋಗಿಯೇ ಹೋಗುತ್ತದೆ. ಗಾಬರಿ ಬೇಡ. ಪಾಲಿಮರ್ ಕ್ಲೇಯನ್ನು ಮತ್ತೆ ಬೇಯಿಸಬಹುದು. ಕರೆಂಟು ಬಂದ ಮೇಲೆ ಶಾಖ ಏರಿಸಿ ಪೂರ್ತಿ ಹೊತ್ತು ಬೇಯಿಸಿ.

ಅಳತೆ: ಶೆಟ್ಟಿಯನ್ನೇ ಕೇಳಿ

ಗೊಂಬೆಮನೆ ಮಾಡುವವರು ಲೋಕದಲ್ಲೆಲ್ಲ ಹೆಚ್ಚಾಗಿ ಹನ್ನೆರಡಕ್ಕೊಂದು ಅಳತೆ ಹಿಡಿಯುತ್ತಾರೆ, ಒಂದು ಅಡಿಗೆ ಒಂದು ಇಂಚು. ನಮಗೆ ಆ ಲೆಕ್ಕ ಬೇಡ. ನಿಮ್ಮ ಶೆಟ್ಟಿ ಎಷ್ಟು ದೊಡ್ಡವನೋ ಅದೇ ಅಳತೆ. ನೆಲದ ಮೇಲೆ ಕೂತ ಮನುಷ್ಯ ಸುಮಾರು 85 ಸೆಂಟಿಮೀಟರ್ ಎತ್ತರ ಬರುತ್ತಾನೆ. ನಮ್ಮ ಶೆಟ್ಟಿ ಕೂತಲ್ಲಿ 14 ಸೆಂಟಿಮೀಟರ್. ಅಂದರೆ ಆರಕ್ಕೊಂದು. 5 ಸೆಂಟಿಮೀಟರ್ ಲಾಡು 8 ಮಿಲಿಮೀಟರ್ ಆಗುತ್ತದೆ, ಒಂದು ಕಾಬೂಲಿ ಕಡಲೆಯಷ್ಟು. ಜಿಲೇಬಿ ಒಂದೂವರೆ ಸೆಂಟಿಮೀಟರ್. ಚಿರೋಟಿ 2 ಸೆಂಟಿಮೀಟರ್. ಹೋಳಿಗೆ ಹತ್ತು ರೂಪಾಯಿ ನಾಣ್ಯದಷ್ಟು. ಮೈಸೂರುಪಾಕು ಉದ್ದ 8, ಅಗಲ 4 ಮಿಲಿಮೀಟರ್. ಕಣ್ಣಳತೆಯಲ್ಲಿ ಮಾಡಿದರೆ ಎಲ್ಲರೂ ದೊಡ್ಡದಾಗಿಯೇ ಮಾಡುತ್ತಾರೆ, ನಾನೂ ಸೇರಿ. ಒಂದು ರಟ್ಟಿನ ಮೇಲೆ ಈ ಅಳತೆಯ ಗುಂಡು, ಚೌಕ ಬರೆದು ಪಕ್ಕದಲ್ಲಿಟ್ಟುಕೊಳ್ಳಿ.

ಸಾಮಾನಿಗೆ ದುಡ್ಡು ಸುರಿಯಬೇಡಿ. ಹಳೆ ಟೂತ್‌ಬ್ರಷ್, ಹೊಲಿಗೆ ಸೂಜಿ, ಹಲ್ಲುಕಡ್ಡಿ, ಬ್ಲೇಡು, ಖಾಲಿ ರೀಫಿಲ್, ಟೀ ಸೋಸುವ ಜಾಲರಿ, ಸೂಜಿ ಇಲ್ಲದ 5 ಎಂಎಲ್ ಸಿರಿಂಜು, ಲಟ್ಟಣಿಗೆಗೆ ಔಷಧಿಯ ಗಾಜಿನ ಬಾಟಲಿ. ಕೊಳ್ಳಲೇಬೇಕಾದ್ದು ಒಂದೇ: ಪುಡಿ ಉದುರುವ ಸೀಮೆಸುಣ್ಣದಂಥ ಪೇಸ್ಟೆಲ್ ಬಣ್ಣದ ಕಡ್ಡಿಗಳು. ಎಣ್ಣೆ ಪೇಸ್ಟೆಲ್ ಅಲ್ಲ. ಕಂದು, ಕಾವಿ, ಹಳದಿ, ಬಿಳಿ ಇದ್ದರೆ ಸಾಕು. ಇವನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿ, ಒಣ ಬ್ರಷ್ಷಿನಲ್ಲಿ ಸವರಿದರೆ ಕರಿದ ಬಣ್ಣ, ಸುಟ್ಟ ಬಣ್ಣ ಎಲ್ಲ ಬರುತ್ತದೆ. ಪಾಲಿಮರ್‌ಗೆ ಬೇಯಿಸುವ ಮುಂಚೆ, ಕಾರ್ನ್‌ಫ್ಲೋರ್ ಕ್ಲೇಗೆ ಪೂರ್ತಿ ಒಣಗುವ ಮುಂಚೆ ಸವರಬೇಕು.

ಬಣ್ಣದ ಬಗ್ಗೆ ಒಂದೇ ಮಾತು. ಟ್ಯೂಬಿನಿಂದ ಬಂದ ಹಳದಿಯ ತಿಂಡಿ ಲೋಕದಲ್ಲಿಲ್ಲ. ಯಾವ ಬಣ್ಣಕ್ಕೂ ಸಾಸಿವೆಯಷ್ಟು ಕಂದು ಸೇರಿಸಿ.

ಮೈಸೂರುಪಾಕು

ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮೊದಲು ಬಡಿಸಿದರು ಎನ್ನುವ ತಿಂಡಿ ಇದು. ಈಗ ಅಂಗಡಿಗಳಲ್ಲಿ ಬೆಣ್ಣೆಯ ಹಾಗೆ ನುಣ್ಣಗಿನದೂ ಸಿಗುತ್ತದೆ. ಕ್ಲೇಗೆ ಅದು ಬೇಡ, ಗೊಂಬೆ ಅಂಗಡಿಯಲ್ಲಿ ಅದು ಬರ್ಫಿಯಂತೆ ಕಾಣುತ್ತದೆ. ತೂತುತೂತಿನ ಗಟ್ಟಿ ಮೈಸೂರುಪಾಕನ್ನೇ ಮಾಡಿ.

ಅದು ಹೇಗಾಗುತ್ತದೆ ನೆನಪಿಸಿಕೊಳ್ಳಿ. ಪಾಕದಲ್ಲಿ ಬೇಯುತ್ತಿರುವ ಕಡಲೆಹಿಟ್ಟಿಗೆ ಕಾದ ತುಪ್ಪ ಬಿದ್ದಾಗ ಉಕ್ಕಿ ನೊರೆ ಏಳುತ್ತದೆ. ಆ ನೊರೆಯೇ ತೂತು. ತಟ್ಟೆಗೆ ಸುರಿದ ಮೇಲೆ ಮೇಲೂ ಕೆಳಗೂ ಬೇಗ ಆರುತ್ತದೆ, ನಡುವೆ ಶಾಖ ಉಳಿದು ಅಲ್ಲಿ ಮಾತ್ರ ಕೆಂಪಾಗುತ್ತದೆ. ಆದ್ದರಿಂದ ನಮಗೆ ಎರಡು ಬಣ್ಣ ಬೇಕು. ಒಂದು ತಿಳಿ ಹಳದಿ, ಒಂದು ಜೇನಿನ ಬಣ್ಣ.

ಪಾಲಿಮರ್ ಆದರೆ ಒಂದು ಉಪಾಯ ಇದೆ, ನನಗೆ ತುಂಬಾ ಇಷ್ಟ. ಎರಡೂ ಬಣ್ಣದ ಕ್ಲೇಗೆ ಪುಡಿ ಉಪ್ಪು ಕಲಸಿ. ಐದು ಪಾಲು ಕ್ಲೇಗೆ ಒಂದು ಪಾಲು ಉಪ್ಪು ಸಾಕು. ತಿಳಿ ಹಳದಿ ಒಂದೂವರೆ ಮಿಲಿಮೀಟರ್, ಜೇನಿನ ಬಣ್ಣ ಒಂದು, ಮತ್ತೆ ತಿಳಿ ಹಳದಿ ಒಂದೂವರೆ, ಹೀಗೆ ಮೂರು ಪದರ ಇಟ್ಟು ಮೆಲ್ಲಗೆ ಒತ್ತಿ. ಪದರಗಳು ಸೇರುವ ಕಡೆ ಗೆರೆ ಕಾಣದಿರಲು ಸೂಜಿಯಿಂದ ಪಕ್ಕದಲ್ಲಿ ಗೀರಿ ಒಂದಕ್ಕೊಂದು ಬೆರೆಸಿ. ಬ್ಲೇಡಿನಿಂದ ತುಂಡು ಮಾಡಿ. ಕುಯ್ದ ಮುಖ ನುಣುಪಾಗಿರುತ್ತದೆ, ಅದೇ ಅತ್ತೆ ಹೇಳಿದ ಸೋಪು. ಟೂತ್‌ಬ್ರಷ್ಷಿನಿಂದ ನಾಲ್ಕೂ ಪಕ್ಕ ಕುಟ್ಟಿ. ನಡುವಿನ ಕೆಂಪು ಪಟ್ಟಿಯಲ್ಲಿ ಸೂಜಿಯಿಂದ ಇನ್ನಷ್ಟು ಚುಚ್ಚಿ. ಬೇಯಿಸಿ, ಆರಿಸಿ, ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಹಾಕಿ. ಉಪ್ಪು ಕರಗಿಹೋಗಿ ತೂತು ಉಳಿಯುತ್ತದೆ. ಕಾರ್ನ್‌ಫ್ಲೋರ್ ಕ್ಲೇಗೆ ಈ ಆಟ ಬೇಡ, ನೀರು ಬಿದ್ದರೆ ಅದು ಅಂಟಾಗುತ್ತದೆ. ಅದಕ್ಕೆ ಬರೀ ಬ್ರಷ್ಷು, ಸೂಜಿ.

ಎಲ್ಲ ತುಂಡೂ ಒಂದೇ ಸಮ ಇರಬಾರದು. ಎರಡರ ಮೂಲೆ ಮುರಿಯಿರಿ. ಮುರಿದ ಪುಡಿಯನ್ನು ಬಿಸಾಡಬೇಡಿ, ತಟ್ಟೆಯ ಮೂಲೆಯಲ್ಲಿ ಚೂರು ಅಂಟಿಸಿ. ನಮ್ಮನೆಗೆ ಬಂದವರು ಮೊದಲು ಬೆರಳು ತೋರಿಸುವುದು ಆ ಪುಡಿಯ ಕಡೆಗೇ.

ಬೂಂದಿ ಲಾಡು

ಕೆಲವರು ಗಸಗಸೆಗೆ ಬಣ್ಣ ಹಚ್ಚಿ ಉಂಡೆಗೆ ಅಂಟಿಸುತ್ತಾರೆ. ಸುಲಭ, ನೋಡಲೂ ಚೆನ್ನ. ಆದರೆ ನಮ್ಮ ಕಡೆ ಅದಕ್ಕೆ ಹುಳ ಬೀಳುತ್ತದೆ. ಕ್ಲೇ ಬೂಂದಿಯೇ ಒಳ್ಳೆಯದು.

ಹಳದಿ, ಕಡು ಹಳದಿ, ಕಿತ್ತಳೆ, ಹೀಗೆ ಹತ್ತಿರ ಹತ್ತಿರದ ಮೂರು ಬಣ್ಣ ಮಾಡಿ. ಒಂದೊಂದನ್ನೂ ಟೀ ಜಾಲರಿಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ. ಆಚೆ ಕಡೆ ಶಾವಿಗೆಯ ಮೊಳಕೆ ಹಾಗೆ ಬರುತ್ತದೆ. ಬ್ಲೇಡಿನಿಂದ ಸವರಿ ಕಾರ್ನ್‌ಫ್ಲೋರ್ ಇಟ್ಟ ತಟ್ಟೆಗೆ ಉದುರಿಸಿ, ತಟ್ಟೆಯನ್ನು ಮೊರದ ಹಾಗೆ ಆಡಿಸಿ. ಮೂಲೆಗಳು ಸವೆದು ಗುಂಡಗಾಗುತ್ತವೆ. ಎಲ್ಲವೂ ಗುಂಡಗಾಗುವುದಿಲ್ಲ, ನಿಜವಾದ ಬೂಂದಿಯೂ ಆಗುವುದಿಲ್ಲ. ಇನ್ನು 6 ಮಿಲಿಮೀಟರಿನ ಒಂದು ಉಂಡೆ ಮಾಡಿ. ಕಾರ್ನ್‌ಫ್ಲೋರ್ ಕ್ಲೇಗೆ ಬಿಳಿ ಅಂಟು, ಪಾಲಿಮರ್‌ಗೆ ದ್ರವರೂಪದ ಪಾಲಿಮರ್ ಕ್ಲೇ ತುಸು ಸವರಿ, ಬೂಂದಿಯಲ್ಲಿ ಹೊರಳಿಸಿ. ಆಮೇಲೆ ಅಂಗೈಯಲ್ಲಿಟ್ಟು ಮೂರೇ ಸಲ ಒತ್ತಿ. ಲಾಡು ಕಟ್ಟುವುದೆಂದರೆ ಹಿಡಿದು ಒತ್ತುವುದು ಅಲ್ವಾ? ಉರುಳಿಸುತ್ತಾ ಕೂತರೆ ಬೂಂದಿಯೆಲ್ಲ ಅಪ್ಪಚ್ಚಿಯಾಗಿ ಗೋಲಿ ಆಗುತ್ತದೆ. ಕಡು ಕಂದು ಬಣ್ಣದ ಚೂರನ್ನು ದ್ರಾಕ್ಷಿ ಎಂದು ಒಂದು ಕಡೆ ಸಿಕ್ಕಿಸಿ. ಹತ್ತು ಲಾಡುವಿನಲ್ಲಿ ಆರಕ್ಕೆ ಸಾಕು. ಎಲ್ಲ ಲಾಡುವಿನಲ್ಲೂ ದ್ರಾಕ್ಷಿ ಕಾಣುವ ಅಂಗಡಿ ಎಲ್ಲಿದೆ ಹೇಳಿ!

ರವೆ ಉಂಡೆ ಬೇಕಾದರೆ ಕೆನೆ ಬಣ್ಣದ ಉಂಡೆಯನ್ನು ಮರಳು ಕಾಗದದ ಮೇಲೆ ಒಮ್ಮೆ ಉರುಳಿಸಿದರೆ ಆಯಿತು.

ಜಿಲೇಬಿ

ಇಲ್ಲಿ ಕಾರ್ನ್‌ಫ್ಲೋರ್ ಕ್ಲೇ ಪಾಲಿಮರ್‌ಗಿಂತ ಗೆಲ್ಲುತ್ತದೆ. ಬಿಳಿ ಹಾಕದ ಕ್ಲೇಗೆ ಕಿತ್ತಳೆ ಬಣ್ಣ, ಸಾಸಿವೆಯಷ್ಟು ಕಂದು. ಬಿಳಿ ಅಂಟು ಹನಿಹನಿಯಾಗಿ ಸೇರಿಸಿ ಇಡ್ಲಿ ಹಿಟ್ಟಿಗಿಂತ ಗಟ್ಟಿ ಹದಕ್ಕೆ ತನ್ನಿ. ಸಿರಿಂಜಿಗೆ ತುಂಬಿ ಪ್ಲಾಸ್ಟಿಕ್ ಹಾಳೆಯ ಮೇಲೆ ಎರಡೂವರೆ ಸುತ್ತು ಸುತ್ತಿ, ಕೊನೆಗೆ ಎಳೆಯನ್ನು ಅಡ್ಡ ಹಾಯಿಸಿ ಮುಗಿಸಿ. ಆ ಅಡ್ಡ ಎಳೆ ಇಲ್ಲದಿದ್ದರೆ ಸೊಳ್ಳೆಬತ್ತಿಯ ಹಾಗೆ ಕಾಣುತ್ತದೆ. ಕೈ ನಡುಗಲಿ ಬಿಡಿ, ಒಂದು ಸುತ್ತು ದಪ್ಪ ಒಂದು ಸುತ್ತು ಸಣ್ಣ ಆದರೇ ಚೆಂದ.

ಒಣಗಲು ಎರಡು ದಿನ. ಕೆಳಗಿನ ಮುಖವೂ ಒಣಗುವ ಹಾಗೆ ತಿರುವಿ ಹಾಕಿ. ಆಮೇಲೆ ಎರಡು ಸಲ ವಾರ್ನಿಷ್. ಪಾಕ ತೊಟ್ಟಿಕ್ಕುವ ಹಾಗೆ ಬೇಕಾದರೆ ವಾರ್ನಿಷ್‌ಗೆ ಚಿಟಿಕೆ ಹಳದಿ ಬೆರೆಸಿ ಸುತ್ತುಗಳ ನಡುವಿನ ಸಂದಿಗೆ ಸೂಜಿಯಿಂದ ಇಳಿಸಿ. ಹೊಳಪಿಗೆ ನೇಲ್ ಪಾಲಿಶ್ ಹಚ್ಚಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಪಾಲಿಮರ್ ಮೇಲೆ ಖಂಡಿತ ಬೇಡ, ಕೆಲವು ತಿಂಗಳಿಗೆ ಮೇಲ್ಮೈ ಕರಗಿದ ಹಾಗಾಗಿ ಅಂಟಂಟಾಗುತ್ತದೆ. ಅದಕ್ಕೆ ನೀರಿನಲ್ಲಿ ಕರಗುವ ಅಕ್ರಿಲಿಕ್ ವಾರ್ನಿಷ್ಷೇ ಸರಿ.

ಚಿರೋಟಿ, ಹೋಳಿಗೆ

ಚಿರೋಟಿಗೆ ತಿಳಿ ಕೆನೆ ಬಣ್ಣ. ಎಷ್ಟು ತೆಳ್ಳಗೆ ಸಾಧ್ಯವೋ ಅಷ್ಟು ತೆಳ್ಳಗೆ ನಾಲ್ಕು ಹಾಳೆ ಲಟ್ಟಿಸಿ. ನಡುನಡುವೆ ಕಾರ್ನ್‌ಫ್ಲೋರ್ ಉದುರಿಸಿ ಒಂದರ ಮೇಲೊಂದು ಇಡಿ. ಅಡುಗೆಯಲ್ಲಿ ಸಾಟಿ, ಅಂದರೆ ಪದರಕ್ಕೆ ಸವರುವ ತುಪ್ಪ ಹಿಟ್ಟಿನ ಮಿಶ್ರಣ, ಮಾಡುವ ಕೆಲಸವನ್ನೇ ಇಲ್ಲಿ ಈ ಪುಡಿ ಮಾಡುತ್ತದೆ, ಪದರ ಅಂಟದ ಹಾಗೆ ನೋಡಿಕೊಳ್ಳುತ್ತದೆ. ಚಾಪೆಯ ಹಾಗೆ ಬಿಗಿಯಾಗಿ ಸುತ್ತಿ, ಅಡ್ಡಡ್ಡ ತುಂಡು ಮಾಡಿ. ಸುರುಳಿ ಮೇಲೆ ಬರುವ ಹಾಗಿಟ್ಟು ಬೆರಳಿನಿಂದ ಒತ್ತಿ, ಬಾಟಲಿಯನ್ನು ಒಂದೇ ಒಂದು ಸಲ ಉರುಳಿಸಿ. ಸೂಜಿಯಿಂದ ಅಂಚಿನ ಪದರಗಳನ್ನು ಅಲ್ಲಲ್ಲಿ ಎಬ್ಬಿಸಿ. ಕಂದು ಪೇಸ್ಟೆಲನ್ನು ಅಂಚಿಗೆ ಮಾತ್ರ ಸವರಿ. ಒಣಗಿದ ಮೇಲೆ ಬಿಳಿ ಪೇಸ್ಟೆಲ್ ಪುಡಿ ಉದುರಿಸಿದರೆ ಸಕ್ಕರೆ ಪುಡಿ. ಇದಕ್ಕೆ ವಾರ್ನಿಷ್ ಮುಟ್ಟಿಸಬೇಡಿ.

ಹೋಳಿಗೆಗೆ ನಾನು ಬಣ್ಣ ತರುವುದು ಫಿಲ್ಟರಿನ ಗಟ್ಟಿ ಡಿಕಾಕ್ಷನ್‌ನಿಂದ. ಕಾಫಿ ಊರಲ್ಲಿ ಇದ್ದು ಇಷ್ಟೂ ಮಾಡದಿದ್ದರೆ ಹೇಗೆ? ತೆಳ್ಳಗಿನ ಬಿಲ್ಲೆಯನ್ನು ಎರಡು ದಿನ ಒಣಗಲು ಬಿಡಿ. ಸ್ಪಂಜಿನ ಚೂರನ್ನು ಡಿಕಾಕ್ಷನ್‌ನಲ್ಲಿ ಅದ್ದಿ, ಪೂರ್ತಿ ಹಿಂಡಿ, ಅಲ್ಲಲ್ಲಿ ಮುಟ್ಟಿಸಿ ತೆಗೆದರೆ ಕಾವಲಿಯ ಕಲೆ ಥೇಟ್. ಒಂದು ಹೋಳಿಗೆಯನ್ನು ಹಸಿಯಲ್ಲೇ ಅರ್ಧಕ್ಕೆ ಮಡಚಿ ಅಂಚು ಹರಿದು, ಒಳಗಿಂದ ಹೂರಣ ಇಣುಕುವ ಹಾಗೆ ಕಂದು ಕ್ಲೇ ತುರುಕಿ.

ಕೊಡಗಿನ ಕಪಾಟು

ಮಡಿಕೇರಿಯಲ್ಲಿ ಅಂಗಡಿ ಇಟ್ಟ ಶೆಟ್ಟಿ ಬರೀ ಮೈಸೂರಿನ ತಿಂಡಿ ಮಾರಿದರೆ ವ್ಯಾಪಾರ ಆಗುತ್ತದಾ? ಹಾಗಾಗಿ ಒಂದು ಮೆಟ್ಟಿಲು ನಮ್ಮ ಊರಿನದು.

ಮದ್ದುಪುಟ್ಟು ಮೊದಲು. ಕಕ್ಕಡ ಎನ್ನುವ ಕೊಡವ ತಿಂಗಳಿನ 18ನೇ ದಿನ, ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನ ರಸದಲ್ಲಿ ಪಾಯಸ, ಪುಟ್ಟು ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಗುಣ ಇರುತ್ತದೆ ಎನ್ನುವುದು ನಂಬಿಕೆ. ಅದರ ಬಣ್ಣ ನೋಡಿದವರು ಮರೆಯುವುದಿಲ್ಲ. ಕಡು ನೇರಳೆ, ಅಂಚಿನಲ್ಲಿ ನೀಲಿ. ಮಾರನೇ ದಿನ ಬಚ್ಚಲಿಗೆ ಹೋದಾಗ ಕೆಂಪು ನೋಡಿ ಹೊಸಬರು ಹೆದರುವುದೂ ಉಂಟು, ನಾನು ಹೆದರಿದ್ದೆ. ಬಿಳಿ ಹಾಕದ ಕ್ಲೇಗೆ ನೀಲಿ ಎರಡು ಪಾಲು, ಕೆಂಪು ಒಂದು ಪಾಲು, ಕಪ್ಪು ಸೂಜಿಮೊನೆಯಷ್ಟು. ಒಣಗಿದರೆ ಇನ್ನೂ ಗಾಢವಾಗುತ್ತದೆ, ಆದ್ದರಿಂದ ಹಸಿಯಲ್ಲಿ ತಿಳಿಯಾಗಿಯೇ ಇರಲಿ. ಮಂದವಾಗಿ ತಟ್ಟಿ ವಜ್ರದ ಆಕಾರಕ್ಕೆ ಕುಯ್ಯಿರಿ. ಮೇಲಿನ ಕಾಯಿತುರಿಗೆ, ಒಣಗಿದ ಬಿಳಿ ಕ್ಲೇ ತುಂಡನ್ನು ಬ್ಲೇಡಿನಿಂದ ಹೆರೆಯಿರಿ. ಜೇನಿಗೆ ಹಳದಿ ಬೆರೆಸಿದ ವಾರ್ನಿಷ್ ಒಂದು ಹನಿ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ತಂಬುಟ್ಟು ಸುಲಭ. ಹುರಿದ ಅಕ್ಕಿಹಿಟ್ಟಿಗೆ ಬಾಳೆಹಣ್ಣು ಕಲಸಿದ ತಿಂಡಿ ಅದು, ಹಾಗಾಗಿ ನುಣ್ಣಗಿನ ಆಕಾರ ಬೇಡ. ತಿಳಿ ಕಂದು ಮುದ್ದೆ ಮಾಡಿ, ಬೆರಳಿಂದ ನಡುವೆ ಗುಳಿ ಒತ್ತಿ. ಗುಳಿಗೆ ತುಪ್ಪ, ಅಂದರೆ ವಾರ್ನಿಷ್. ಎಳ್ಳಿಗೆ ಕಪ್ಪು ಪೆನ್ನಿನ ಚುಕ್ಕಿ.

ಇನ್ನು ಪ್ರವಾಸಿಗಳು ಚೀಲ ತುಂಬಿಸಿಕೊಳ್ಳುವ ಹೋಂಮೇಡ್ ಚಾಕಲೇಟು. ಕಂದು ಕ್ಲೇ, ಗೋಡಂಬಿ ಚೂರಿಗೆ ಕೆನೆ ಬಣ್ಣ, ಒರಟಾಗಿ ಕುಯ್ದ ತುಂಡು. ನಿಜವಾದ ಚಾಕಲೇಟಿನ ಬಣ್ಣದ ಹಾಳೆಯಿಂದಲೇ ಒಂದು ಸೆಂಟಿಮೀಟರ್ ಚೌಕ ಕತ್ತರಿಸಿ ಸುತ್ತಿ. ಆ ಹಾಳೆಗಾಗಿ ಚಾಕಲೇಟು ತಿನ್ನಬೇಕಾಗಿ ಬರುವುದು ಈ ಕೆಲಸದ ಕಷ್ಟಗಳಲ್ಲೊಂದು.

ಒಣಗಿಸುವುದು, ಜೋಡಿಸುವುದು

ಕಾರ್ನ್‌ಫ್ಲೋರ್ ಕ್ಲೇಯನ್ನು ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ, ದಿನಕ್ಕೆರಡು ಸಲ ತಿರುವುತ್ತಾ 4–5 ದಿನ. ದಪ್ಪದ ಉಂಡೆಗೆ ಒಂದು ವಾರ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಹೊಗೆ ಹಿಡಿದು ಪೇಡ ಕೂಡ ಧಾರವಾಡದ್ದಾಗುತ್ತದೆ. ಒಣಗಿದೆಯಾ ಎಂದು ತಿಳಿಯಲು ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ.

ಹರಿವಾಣಕ್ಕೆ ಮಾತ್ರೆ ಪಟ್ಟಿಯ ಹಿಂದಿನ ಬೆಳ್ಳಿ ಹಾಳೆ, ದೊಡ್ಡ ತಟ್ಟೆಗೆ ಬಾಟಲಿಯ ಮುಚ್ಚಳ. ಲಾಡುವನ್ನು ಗೋಪುರದ ಹಾಗೆ ಅಂಟಿಸಿ, ಒಂದನ್ನು ಮಾತ್ರ ಪಕ್ಕಕ್ಕೆ ಉರುಳಿಸಿಡಿ. ಹಳೆ ಪಂಚಾಂಗದ ಸಣ್ಣಕ್ಷರದ ಹಾಳೆ ಹರಿದು, ಬಿಳಿ ದಾರದಲ್ಲಿ ಕಟ್ಟಿದ ಎರಡು ಪೊಟ್ಟಣ ಶೆಟ್ಟಮ್ಮನ ಪಕ್ಕದಲ್ಲಿರಲಿ. ಮಡಿಕೇರಿ ದಸರೆ ಶುರುವಾಗಿ ನಾಲ್ಕು ಕರಗ ಹೊರಡುವ ದಿನದೊಳಗೆ ಇದೆಲ್ಲ ಮುಗಿದಿರಬೇಕು. ಆಮೇಲೆ ಹತ್ತು ದೇವಸ್ಥಾನಗಳ ಮಂಟಪ ಮೆರವಣಿಗೆ ಹೊರಡುವ ದಶಮಂಟಪದ ರಾತ್ರಿಯವರೆಗೆ ಮನೆಗೆ ನೆಂಟರೋ ನೆಂಟರು, ಕೈಗೆ ಪುರುಸೊತ್ತು ಸಿಗುವುದಿಲ್ಲ.

ಐದು ವರ್ಷದೊಳಗಿನ ಮಕ್ಕಳು ಬರುವ ಮನೆಯಾದರೆ ಅಂಗಡಿಯನ್ನು ಕೆಳಗಿನ ಮೆಟ್ಟಿಲಲ್ಲಿ ಇಡಬೇಡಿ. ಪಕ್ಕದ ಮನೆಯ ಮಗು ಒಂದು ಜಿಲೇಬಿಯನ್ನು ಬಾಯಿಗೆ ಹಾಕಿಕೊಂಡಿತ್ತು. ಅದರ ಅಜ್ಜಿ ನೋಡಿ ತೆಗೆದರು, ಇಲ್ಲದಿದ್ದರೆ ಗಂಟಲಿಗೆ ಸಿಕ್ಕುತ್ತಿತ್ತು. ಅಂದಿನಿಂದ ಶೆಟ್ಟಿಗೆ ಮೂರನೇ ಮೆಟ್ಟಿಲಿಗೆ ಬಡ್ತಿ.

ಹಬ್ಬ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣ ಬ್ರಷ್ಷಿನಲ್ಲಿ ಧೂಳು ಕೊಡವಿ. ಟಿಶ್ಯೂ ಪೇಪರಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಜೊತೆಗಿರಲಿ. ಜನವರಿಯಲ್ಲಿ ಕಾಫಿ ಹರವುವ ದಿನ ಆ ಡಬ್ಬಿಯನ್ನೂ ತಂದು ಜಗಲಿಯ ನೆರಳಲ್ಲಿ ಮುಚ್ಚಳ ತೆಗೆದಿಡಿ. ಮುರಿದದ್ದು, ಬೂಷ್ಟು ಹಿಡಿದದ್ದು ಏನಿದೆ ನೋಡಿಕೊಂಡರೆ, ಅಂಟು ಕಾಯಿಸುವುದಕ್ಕೆ ಅದೇ ಸರಿಯಾದ ತಿಂಗಳು.